ಮೂರನೇ ಮಣೆಯ ಔಯಾಂಗ್

ಏಪ್ರಿಲ್ 9, ಬೆಳಿಗ್ಗೆ

ನಿನ್ನೆ ಮತ್ತೆ ಸೋತೆ. ಎಡಗಡೆ ಮೂಲೆಯಲ್ಲಿ ದುರಾಸೆ ಪಟ್ಟೆ. ಆಮೇಲೆ ಅದನ್ನು ಉಳಿಸಿಕೊಳ್ಳಲು ಹೋಗಿ ಮಣೆಯ ನಡುಭಾಗವನ್ನೇ ಕಳೆದುಕೊಂಡೆ. ಮೊದಲೆಲ್ಲ ಒಂದು ಆಟಕ್ಕೆ ಒಂದು ತಪ್ಪು ಅಂತ ಶಿಸ್ತಿತ್ತು. ಈಗ ಅದೂ ಇಲ್ಲ.

ಎದುರಿಗೆ ಕೂತಿದ್ದವಳಿಗೆ ಹದಿನೇಳು. ಮುಗಿದ ಮೇಲೆ ತಲೆಬಾಗಿ, "ಮೇಡಂ, ಚಿಕ್ಕವಳಿದ್ದಾಗ ನಿಮ್ಮ ಆಟಗಳನ್ನ ಬಾಯಿಪಾಠ ಮಾಡಿದ್ದೆ" ಅಂದಳು. ಒಳ್ಳೆ ಮನಸ್ಸಿನಿಂದಲೇ ಅಂದಳು. ಅದಕ್ಕೇ ಜಾಸ್ತಿ ಚುಚ್ಚಿತು.

ಮೂವತ್ತೆಂಟು ನನಗೆ. ಹದಿನಾಲ್ಕಕ್ಕೆ ವೈಚಿಯ, ಕಪ್ಪು-ಬಿಳಿ ಕಾಯಿಗಳಿಂದ ಮಣೆಯ ಜಾಗ ಸುತ್ತುವ ಆಟದ, ವೃತ್ತಿಪರ ಆಟಗಾರ್ತಿಯಾದೆ. ಚೆಂಗ್ಡು ಪೇಪರಿನಲ್ಲಿ ಫೋಟೋ ಬಂದಿತ್ತು, ಕಿವಿಯ ಹಿಂದೆ ಹೂ ಸಿಕ್ಕಿಸಿಕೊಂಡು. ಒಂಬತ್ತು ಅತಿ ಮೇಲಿನ ದರ್ಜೆ, ನನ್ನದು ಈಗ ನಾಲ್ಕು. ಎಷ್ಟೋ ವರ್ಷದಿಂದ ನಾಲ್ಕೇ.

ಶೂ ಹಾಕಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಅತ್ತೆ: "ಕಾಯಿ ಇಡೋಕೆ ಹೊರಟ್ಯಾ? ಬರ್ತಾ ಸೊಪ್ಪು ತಗೊಂಡ್ಬಾ."

ಮದುವೆಯಾದಾಗಿನಿಂದ ಇದೇ. ಗೆದ್ದೆಯಾ ಸೋತೆಯಾ ಅಂತ ಒಂದು ದಿನ ಕೇಳಿದ್ದಿಲ್ಲ. ಅವರ ಮಾಜಾಂಗ್ ಕೋಣೆಯಲ್ಲಿ ಯಾರು ಯಾವ ಬಿಲ್ಲೆ ಎಸೆದು ಕೆಟ್ಟರು ಅನ್ನುವುದನ್ನು ಊಟದ ಉದ್ದಕ್ಕೂ ಹೇಳುತ್ತಾರೆ. ವೈಚಿ ಮಾತ್ರ ಅವರ ಲೆಕ್ಕದಲ್ಲಿ ಆಟವೂ ಅಲ್ಲ, ಕೆಲಸವೂ ಅಲ್ಲ. ಕಪ್ಪು ಕಲ್ಲು, ಬಿಳಿ ಕಲ್ಲು.

ಸೊಪ್ಪು ಮರೆಯಬಾರದು.

ಏಪ್ರಿಲ್ 17

ಅಭ್ಯಾಸದ ಕೋಣೆಗೆ ಯಜಮಾನ ಡೆಂಗ್ ಬಂದಿದ್ದರು. ಮೆಣಸಿನಕಾಯಿ ಪೇಸ್ಟ್ ಫ್ಯಾಕ್ಟರಿ ಅವರದು, ನಮ್ಮ ತಂಡವೂ ಅವರದೇ. ತಂಡದ ಹೆಸರೇ 'ಕೆಂಪು ಜಾಡಿ'. ನಾವು ಮೂವರೂ ಮೆಣಸಿನಕಾಯಿ ಬಣ್ಣದ ಕೋಟು ಹಾಕಿಕೊಂಡು ಕೂರಬೇಕು. ಲೀಗಿನಲ್ಲಿ ನಮ್ಮನ್ನು ಎಲ್ಲರೂ ಉಪ್ಪಿನಕಾಯಿಗಳು ಅನ್ನುತ್ತಾರೆ.

ಮೂರು ಮಣೆ, ಮೂರು ಆಟ. ಎರಡು ಗೆದ್ದರೆ ಪಂದ್ಯ ನಮ್ಮದು. ಮೊದಲ ಮಣೆಗೆ ಸುಸು, ಇಪ್ಪತ್ತರ ಹುಡುಗಿ, ಭಯಂಕರ ಚುರುಕು. ಎರಡನೆಯದಕ್ಕೆ ಮೆಂಗ್. ಮೂರನೆಯದಕ್ಕೆ ನಾನು.

ಡೆಂಗ್ ಎಲ್ಲರಿಗೂ ಒಂದೊಂದು ಜಾಡಿ ಪೇಸ್ಟ್ ಕೊಟ್ಟರು. ನನಗೆ ಎರಡು. ಸೋತವರಿಗೆ ಸಮಾಧಾನದ ಬಹುಮಾನ ಇರಬೇಕು. ಹೋಗುವಾಗ ಕೋಚ್ ಫಾಂಗ್ ಅವರನ್ನು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದರು. ಫಾಂಗ್ ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದರಿಂದಲೇ ವಿಷಯ ಗೊತ್ತಾಯಿತು.

ಸುಸು ಕಂಪ್ಯೂಟರ್ ಮುಂದೆ ಕೂತು ನನ್ನ ಆಟ ಹಾಕಿದಳು. ಯಂತ್ರ ಪ್ರತಿ ನಡೆಗೂ ಗೆಲ್ಲುವ ಶೇಕಡ ತೋರಿಸುತ್ತದಲ್ಲ. "ಅಕ್ಕ, ಇಲ್ಲಿ ನೋಡಿ. ಈ ಒಂದು ಕಾಯಿಗೆ ಶೇಕಡ ನಲವತ್ತು ಬಿತ್ತು."

"ನನ್ನ ರಕ್ತದೊತ್ತಡವೂ ಅಷ್ಟೇ ಬಿತ್ತು ಕಣೆ, ಮುಂದಕ್ಕೆ ಹೋಗು."

ಮೇ 3

ತಮಾಷೆಯಾಯಿತು ಇವತ್ತು. ನನ್ನನ್ನು ಆಡಿಸಲಿಲ್ಲ. ಅಕಾಡೆಮಿಯಿಂದ ಪಾನ್ ಯಿಂಗ್ ಅನ್ನುವ ಹದಿನಾರರ ಹುಡುಗಿಯನ್ನು ಕರೆಸಿ ಮೂರನೇ ಮಣೆಗೆ ಕೂರಿಸಿದ್ದರು. "ಒಂದು ಸಲ ನೋಡೋಣ ಅಂತ" ಅಂದರು ಫಾಂಗ್ ಮೇಷ್ಟ್ರು. ಸರಿ, ನೋಡಿ.

ಕ್ಯಾಂಟೀನಿನಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ. ಪಂದ್ಯವನ್ನು ಲೈವ್ ತೋರಿಸುವ ಹುಡುಗರು ಓಡಿ ಬಂದರು. ಕಾಮೆಂಟ್ರಿ ಹೇಳುವ ಗುವಾನ್ ಸಾಹೇಬರಿಗೆ ನಿನ್ನೆ ತಿಂದ ಹಾಟ್‌ಪಾಟಿನ ಖಾರದ ಸಾರು ಗಂಟಲು ಕಚ್ಚಿ ದನಿಯೇ ಇಲ್ಲವಂತೆ. "ಮೇಡಂ, ಒಂದು ಗಂಟೆ. ಏನಾದ್ರೂ ಮಾತಾಡಿ ಸಾಕು."

ಮೈಕ್ ಹಿಡಿದೆ. ಮೊದಲ ಹತ್ತು ನಿಮಿಷ ಪಾಠದ ಪುಸ್ತಕದ ಹಾಗೆ ಮಾತಾಡಿದೆ. ನನಗೇ ನಿದ್ದೆ ಬಂತು. ಆಮೇಲೆ ಮೆಂಗಳ ಎದುರಾಳಿ ಒಂದು ನಾಚಿಕೆಗೆಟ್ಟ ನಡೆ ಇಟ್ಟಳು. ಬಾಯಿ ತಡೆಯಲಿಲ್ಲ.

"ನೋಡಿ, ಇವಳ ಹೊಟ್ಟೆ ತುಂಬಿದೆ. ಆದ್ರೂ ಪಕ್ಕದ ಟೇಬಲ್ಲಿನ ತಟ್ಟೆ ಮೇಲೇ ಕಣ್ಣು. ಮೆಂಗ್ ಏನು ಮಾಡ್ಬೇಕು? ತಟ್ಟೆ ಎಳ್ಕೊಂಡು ಕೂರೋದಲ್ಲ. ಆ ತಟ್ಟೆ ಅವಳಿಗೇ ಕೊಟ್ಟುಬಿಟ್ಟು, ಅವಳ ಕುರ್ಚಿ ಎಳೀಬೇಕು."

ಮೆಂಗ್ ಮುಂದಿನ ನಡೆಯಲ್ಲಿ ಕುರ್ಚಿ ಎಳೆದೇಬಿಟ್ಟಳು. ಕ್ಯಾಮೆರಾ ಹಿಂದೆ ನಿಂತವನು ನಕ್ಕು ನಕ್ಕು ಕ್ಯಾಮೆರಾವೇ ಅಲ್ಲಾಡಿತು. ಒಂದು ಗಂಟೆ ಅಂದದ್ದು ಸಂಜೆಯವರೆಗೂ ಹೋಯಿತು.

ಯಿಂಗ್ ಗೆದ್ದಳು. ಸೊಗಸಾಗಿ ಆಡಿದಳು. ಅದನ್ನೂ ನಾನೇ ಮೈಕಿನಲ್ಲಿ ಹೇಳಬೇಕಾಯಿತು. ಹೇಳಿದೆ.

ಮೇ 5

ಆ 'ತಟ್ಟೆ-ಕುರ್ಚಿ' ತುಣುಕು ಎಲ್ಲರ ಫೋನಿನಲ್ಲೂ ಓಡಾಡುತ್ತಿದೆ. ಟೀ ಅಂಗಡಿಯಲ್ಲಿ ಬಿಸಿನೀರು ಹಾಕುವವನು ನನ್ನ ಬಟ್ಟಲು ತುಂಬಿಸುತ್ತಾ, "ಕುರ್ಚಿ ಭದ್ರವಾಗಿದೆಯಾ ಮೇಡಂ?" ಅಂದ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದಾರೆ.

"ಮಾಜಾಂಗ್ ಕೋಣೇಲಿ ಎಲ್ರೂ ನಿನ್ನ ನೋಡ್ತಾ ಇದ್ರು. ಕನ್ನಡಕ ಇರ್ಲಿಲ್ಲ, ನಂಗೆ ಗೊತ್ತೇ ಆಗ್ಲಿಲ್ಲ. ಮೂರ್ಖಳ ಹಾಗೆ 'ಯಾರೇ ಇದು ವಾಚಾಳಿ' ಅಂತ ಕೇಳ್ದೆ. ಮರ್ಯಾದೆ ಹೋಯ್ತು."

"ಸಾರಿ ಅತ್ತೆ."

"ಸಾರಿ ಆಮೇಲೆ. ಅದೇನೋ ಹೇಳಿದ್ಯಲ್ಲ, ಕಾಯಿಗೆ ಉಸಿರು ಅಂತ. ಅದೇನು?"

ಚಮಚ, ಬಟ್ಟಲು, ಸೋಯಾ ಸಾಸಿನ ಬಾಟಲಿ ಇಟ್ಟು ತೋರಿಸಿದೆ. ಕಾಯಿಯ ಅಕ್ಕಪಕ್ಕದ ಖಾಲಿ ಜಾಗವೇ ಅದರ ಉಸಿರು. ನಾಲ್ಕೂ ಕಡೆ ಮುಚ್ಚಿದರೆ ಸತ್ತಿತು. ಕಾಯಿಗಳು ಗುಂಪಾಗಿ ನಿಂತು ಒಳಗೆ ಎರಡು ಕಣ್ಣು, ಅಂದರೆ ಬೇರೆ ಬೇರೆ ಎರಡು ಖಾಲಿ ಮನೆ, ಉಳಿಸಿಕೊಂಡರೆ ಯಾರೂ ಕೊಲ್ಲಲಾರರು.

ಅತ್ತೆ ಬಟ್ಟಲನ್ನು ಬಾಟಲಿಗೆ ಒತ್ತಿ ನೋಡಿದರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. "ಅಂದ್ರೆ ರಶ್ಶಿನ ಬಸ್ಸು," ಅಂದರು. "ಕಿಟಕಿ ಪಕ್ಕ ಸಿಕ್ಕಿದವನು ಬದುಕಿದ."

ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ. ಮುಂದಿನ ಲೈವಿನಲ್ಲಿ ಕದಿಯುತ್ತೇನೆ.

ಜೂನ್ 21

ಬರೆಯದೆ ಬಹಳ ದಿನವಾಯಿತು. ಪ್ರತಿ ರೌಂಡಿಗೂ ನನ್ನದೇ ಕಾಮೆಂಟ್ರಿ. ಗುವಾನ್ ಸಾಹೇಬರಿಗೆ ದನಿ ಬಂದ ಮೇಲೂ ನನ್ನನ್ನೇ ಕೂರಿಸುತ್ತಾರೆ. ಅವರಿಗೆ ಬೇಸರವಿಲ್ಲ. "ನೀನು ಮಾತಾಡು, ನಾನು ಪಕ್ಕದಲ್ಲಿ ಕೂತು ಕಡಲೆಕಾಯಿ ತಿಂತೀನಿ" ಅಂತ ನಿಜವಾಗಲೂ ತಿನ್ನುತ್ತಾರೆ. ಮೈಕಿನಲ್ಲಿ ಕೇಳಿಸುತ್ತದೆ.

ಈ ನಡುವೆ ಆಡಿದ್ದು ಎರಡೇ ಆಟ. ಎರಡೂ ಸೋತೆ.

ಇವತ್ತು ಡೆಂಗ್ ಕರೆಸಿದರು. ಫ್ಯಾಕ್ಟರಿಯ ಆಫೀಸು, ಖಾರದ ಘಾಟಿಗೆ ಕಣ್ಣಲ್ಲಿ ನೀರು. ಒಳ್ಳೆಯದೇ ಆಯಿತು, ಆಮೇಲೆ ಬಂದ ನೀರಿಗೂ ಅದೇ ಕಾರಣ ಅಂದುಕೊಂಡಿರಬೇಕು ಅವರು.

"ಔಯಾಂಗ್, ಮುಂದಿನ ವರ್ಷದಿಂದ ನೀನು ಪೂರ್ತಿ ಕಾಮೆಂಟ್ರಿ. ಸಂಬಳ ಈಗಿನದಕ್ಕಿಂತ ಜಾಸ್ತಿ. ಮೂರನೇ ಮಣೆ ಯಿಂಗ್‌ಗೆ. ಇದರಲ್ಲಿ ಅವಮಾನ ಏನೂ ಇಲ್ಲ. ನಿನ್ನ ಮಾತು ಕೇಳಿ ನನ್ನ ಪೇಸ್ಟ್ ಎಷ್ಟು ಖರ್ಚಾಗ್ತಿದೆ ಗೊತ್ತಾ?"

"ಯೋಚಿಸಿ ಹೇಳ್ತೀನಿ" ಅಂದೆ.

ಅವರು ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ತಪ್ಪಿದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಜೂನ್ 22

ಕೈಫುಗೆ ಹೇಳಿದೆ. ಲಿಫ್ಟ್ ರಿಪೇರಿ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದ. ನನ್ನ ಗಂಡನಿಗೆ ವೈಚಿಯಲ್ಲಿ ಕಪ್ಪು ಮೊದಲೋ ಬಿಳಿ ಮೊದಲೋ ಇವತ್ತಿಗೂ ಗೊತ್ತಿಲ್ಲ.

"ನಿಂಗೆ ಮಾತಾಡೋದು ಇಷ್ಟನಾ?"

"ಇಷ್ಟ."

"ಆಡೋದು?"

"ಅದು ಇಷ್ಟ ಅಂತಲ್ಲ... ಅದು ಹಾಗೇ ಇದೆ. ಕೈ ಇದ್ದ ಹಾಗೆ."

"ಹಾಗಾದ್ರೆ ಸಂಕಟ ಯಾಕೆ? ಅವರೇನು ಕೈ ಕತ್ತರಿಸ್ತಾ ಇಲ್ವಲ್ಲ."

"ಕೂರೋ ಕುರ್ಚಿ ಕೊಡಲ್ಲ ಅಂತಿದ್ದಾರೆ ಕೈಫು."

ನನ್ನ ತಟ್ಟೆಗೆ ಅವನ ಪಾಲಿನ ಹುರಿದ ಮಾಂಸ ಹಾಕಿದ. ಅವನಿಗೆ ಬೇರೆ ಮಾತು ತೋಚದಿದ್ದಾಗ ಮಾಂಸ ಹಾಕುತ್ತಾನೆ. ಈಗೀಗ ದಪ್ಪವಾಗುತ್ತಿದ್ದೇನೆ.

ಆಗಸ್ಟ್ 30

ಕೊನೆಯ ರೌಂಡು ಲೆಶಾನಿನಲ್ಲಿ. ನಾವು ಪಟ್ಟಿಯ ಬುಡದಲ್ಲಿದ್ದೇವೆ. ಗೆದ್ದರೆ ಉಳಿಯುತ್ತೇವೆ, ಸೋತರೆ ಕೆಳಗಿನ ವಿಭಾಗಕ್ಕೆ. ಕೆಳಗೆ ಹೋದರೆ ಡೆಂಗ್ ತಂಡ ಇಟ್ಟುಕೊಳ್ಳುತ್ತಾರೋ ಇಲ್ಲವೋ.

ಹೋದ ವಾರ ಫಾಂಗ್ ಮೇಷ್ಟ್ರ ಹತ್ತಿರ ಹೋದೆ. ನನಗೆ ಹತ್ತು ವರ್ಷವಿದ್ದಾಗಿನಿಂದ ಕಲಿಸಿದವರು. ಆಗ ಕಾಯಿ ತಪ್ಪಿಟ್ಟರೆ ಬೀಸಣಿಗೆಯಿಂದ ತಲೆ ಮೇಲೆ ತಟ್ಟುತ್ತಿದ್ದರು.

"ಲೆಶಾನಿನಲ್ಲಿ ನಾನು ಆಡ್ತೀನಿ ಮೇಷ್ಟ್ರೆ."

"ಯಿಂಗ್ ಚೆನ್ನಾಗಿ ಆಡ್ತಿದ್ದಾಳೆ."

"ಗೊತ್ತು. ನಾನೇ ಲೈವಲ್ಲಿ ಹೊಗಳ್ತಾ ಇರ್ತೀನಲ್ಲ."

ಬೀಸಣಿಗೆ ಮಡಿಸಿದರು, ಬಿಚ್ಚಿದರು. "ಸೋತ್ರೆ ಡೆಂಗ್ ನನ್ನನ್ನ ಜಾಡೀಲಿ ಹಾಕಿ ಮುಚ್ಚಳ ಮುಚ್ತಾನೆ."

"ಜೊತೆಗೆ ನಾನೂ ಬರ್ತೀನಿ."

"ಆ ಕೋಟು ಇಸ್ತ್ರಿ ಮಾಡಿಸ್ಕೋ," ಅಂದರು. ಅಷ್ಟೇ. ಒಪ್ಪಿದರು ಅಂತ ಬೀದಿಗೆ ಬಂದ ಮೇಲೆ ಹೊಳೆಯಿತು.

ಯಿಂಗ್‌ಗೆ ನಾನೇ ಹೋಗಿ ಹೇಳಿದೆ. ಮುಖ ಸಣ್ಣಗಾಯಿತು ಪಾಪ. ಆದರೂ, "ನಾನು ನಿಮಗೆ ಲಿಯಾನ್ ಥರ ಆಡಿ ಅಭ್ಯಾಸ ಮಾಡಿಸ್ತೀನಿ ಅಕ್ಕ" ಅಂದಳು. ಎದುರು ತಂಡದ ಮೂರನೇ ಮಣೆ ಲಿಯಾನ್. ವಾರವೆಲ್ಲ ಯಿಂಗ್ ಲಿಯಾನ್ ಆಗಿ ನನ್ನನ್ನು ಚೆನ್ನಾಗಿ ಬಡಿದಳು.

ಸೆಪ್ಟೆಂಬರ್ 12, ರೈಲಿನಲ್ಲಿ

ಅತ್ತೆ ಬಂದಿದ್ದಾರೆ. ಯಾರೂ ಕರೆದಿಲ್ಲ. ಟಿಕೆಟ್ ತಾವೇ ತೆಗೆಸಿದ್ದಾರೆ. ಮೊಲದ ತಲೆಗಳ ಪೊಟ್ಟಣ ಮಡಿಲಲ್ಲಿ. ಬೋಗಿಯಿಡೀ ಮಸಾಲೆ ವಾಸನೆ. ಸುಸು ಆಗಲೇ ಎರಡು ಮುಗಿಸಿದಳು. ಕೈಫು ಬಾಯಿ ತೆರೆದು ನಿದ್ದೆ.

ಅತ್ತೆಗೆ ಕೇಳಿದೆ. "ಇಷ್ಟು ವರ್ಷ ಒಂದು ಸಲಾನೂ ಬಂದಿರ್ಲಿಲ್ಲ ನೀವು."

"ಬಂದು ಏನ್ಮಾಡ್ಲಿ? ಏನೂ ತಿಳೀತಿರ್ಲಿಲ್ಲ."

"ಕೇಳಿದ್ದೂ ಇಲ್ಲ. ಗೆದ್ಯಾ ಸೋತ್ಯಾ ಅಂತ."

ಮೂಳೆ ಕಚ್ಚುವುದನ್ನು ನಿಲ್ಲಿಸಿದರು. "ಅದನ್ನೇನು ಕೇಳೋದು? ನೀನು ಮನೆಗೆ ಬಂದು ಶೂ ಬಿಡೋ ಸದ್ದಲ್ಲೇ ಗೊತ್ತಾಗತ್ತೆ. ಗೆದ್ದಿದ್ರೆ ಟಪ್ ಟಪ್ ಅಂತ ಎರಡೂ ಬೀಳ್ತವೆ. ಸೋತಿದ್ರೆ ಒಂದು ಬಿಚ್ಚಿ ಹಾಗೇ ಕೂತಿರ್ತೀಯ. ಎರಡನೇದು ಬೀಳೋವರೆಗೂ ನಾನು ಒಲೆ ಹಚ್ತಾ ಇರ್ಲಿಲ್ಲ. ಆರಿದ ಅನ್ನ ತಿನ್ನಬಾರ್ದಲ್ಲ, ಸೋತವರು."

ಕಿಟಕಿ ಕಡೆ ತಿರುಗಿದೆ. ಹೊರಗೆ ಏನಿತ್ತೋ ನೋಡಲಿಲ್ಲ.

"ಮೊಲ ತಿನ್ನೇ," ಅಂದರು. "ಮಿದುಳು ಚೆನ್ನಾಗಿದೆ. ನಾಳೆ ಬೇಕಾಗತ್ತೆ."

ಸೆಪ್ಟೆಂಬರ್ 13, ಮಧ್ಯಾಹ್ನ 12

ಇನ್ನು ಅರ್ಧ ಗಂಟೆ. ಬಿಳಿ ಕಾಯಿ ನನ್ನದು. ಕೋಟು ಕಂಕುಳಲ್ಲಿ ಬಿಗಿ. ಕೈಫು ಹಾಕಿದ ಮಾಂಸ.

ಹೆದರಿಕೆ ಇದೆ. ಬಹಳ ದಿನದಿಂದ ಇರಲಿಲ್ಲ, ಬೇಸರ ಮಾತ್ರ ಇರುತ್ತಿತ್ತು. ಬಾ ಮಾರಾಯ್ತಿ, ಹೆದರಿಕೆಯೇ, ಪಕ್ಕದಲ್ಲಿ ಕೂತುಕೋ. ಆಟಕ್ಕೆ ಮುಂಚೆ ಫೋನ್ ಒಪ್ಪಿಸಬೇಕು, ಕರೆಯುತ್ತಿದ್ದಾರೆ.

ಸೆಪ್ಟೆಂಬರ್ 14

ನಿಧಾನವಾಗಿ ಬರೆಯಬೇಕು.

ಸುಸು ಬೇಗ ಗೆದ್ದಳು. ಮೆಂಗ್ ಬೇಗ ಸೋತಳು. ಉಳಿದದ್ದು ಮೂರನೇ ಮಣೆ. ಲಿಯಾನ್ ಹತ್ತೊಂಬತ್ತರ ಹುಡುಗಿ, ತುಂಬಾ ಗಂಭೀರ, ಒಂದು ಕಾಯಿ ಇಟ್ಟರೆ ಮುದ್ರೆ ಒತ್ತಿದ ಹಾಗೆ. ನಡುವೆ ನನ್ನ ಬಿಳಿಯ ದೊಡ್ಡ ಗುಂಪನ್ನು ಸುತ್ತಿಬಿಟ್ಟಳು. ಎರಡು ಕಣ್ಣು ಮಾಡಲು ಜಾಗ ಹುಡುಕಿದೆ. ಒಂದಿದೆ. ಇನ್ನೊಂದು ಇದೆ ಅಂತ ಆಸೆ, ಅಷ್ಟೇ.

ಸಮಯ ಮುಗಿದು ಸೆಕೆಂಡು ಎಣಿಸಲು ಶುರು ಮಾಡಿದ್ದರು, ಹತ್ತರೊಳಗೆ ಕಾಯಿ ಇಡದಿದ್ದರೆ ಸೋಲು. ಗುಂಪಿನ ಬಾಲದ ಕಾಯಿಗಳನ್ನು ಕಡಿದು ಅವಳಿಗೆ ಕೊಟ್ಟು, ಅವಳು ಅದನ್ನು ತಿನ್ನುವಷ್ಟರಲ್ಲಿ ಹೊರಗಡೆ ಕಟ್ಟಿಕೊಳ್ಳಬಹುದು ಅಂತ ಕಂಡಿತು. ಮೈಕ್ ಹಿಡಿದು ಎಷ್ಟು ಸಲೀಸಾಗಿ ಹೇಳುತ್ತಿದ್ದೆ, ಕೊಟ್ಟುಬಿಡಿ ಅಂತ. ನಮ್ಮ ಕಾಯಿಗಳೇ ಆದಾಗ ಬೆರಳು ಮರಗಟ್ಟುತ್ತದೆ. ಜೀವಮಾನವೆಲ್ಲ ನನ್ನ ಕಾಯಿಲೆ ಅದೇ. ಒಂದು ಕಾಯಿಯನ್ನೂ ಬಿಡಲಾರೆ. ಫಾಂಗ್ ಮೇಷ್ಟ್ರು ಜಿಪುಣಿ ಅಂತಲೇ ಕರೆಯುತ್ತಿದ್ದರು.

ಎಂಟು, ಒಂಬತ್ತು ಅಂದರು ಎಣಿಸುವವರು. ಇಟ್ಟೆ. ಬಾಲ ಹೋಯಿತು.

ಲಿಯಾನ್ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದಳು.

ಅಷ್ಟು ಹೊತ್ತಿಗೆ ಕಾಮೆಂಟ್ರಿ ಹಾಲಿನಲ್ಲಿ ನಡೆದದ್ದು ಬೇರೆ ಕಥೆ. ರಾತ್ರಿ ಊಟದಲ್ಲಿ ಕೈಫು ಹೇಳಿದ, ತುಣುಕೂ ತೋರಿಸಿದ. ದೊಡ್ಡ ಮಣೆಯ ಮುಂದೆ ಗುವಾನ್ ಸಾಹೇಬರು: "ಈ ಬಿಳಿ ಗುಂಪಿನ ಸ್ಥಿತಿ ಸಾಕಷ್ಟು ಜಟಿಲ. ಎರಡೂ ಕಡೆಗೂ ಸಾಧ್ಯತೆಗಳಿವೆ. ಒಂದು ದೃಷ್ಟಿಯಿಂದ ನೋಡಿದರೆ..."

ಮೂರನೇ ಸಾಲಿನಿಂದ ಅತ್ತೆ ಎದ್ದು ನಿಂತರು. "ಸಾರ್, ನನ್ನ ಸೊಸೆ ಬದುಕಿದ್ದಾಳಾ ಇಲ್ವಾ? ಅಷ್ಟು ಹೇಳಿ."

ಹಾಲ್ ಪೂರ್ತಿ ನಗು. ಗುವಾನ್ ಸಾಹೇಬರಿಗೂ ನಗು. "ತಾಯಿ, ನೀವೇ ಬಂದು ನೋಡಿ ಹೇಳಿ" ಅಂತ ಮೈಕ್ ಚಾಚಿದರು. ಬೇರೆ ಯಾರಾದರೂ ಕೂತುಬಿಡುತ್ತಿದ್ದರು. ಅತ್ತೆ ಹೋದರು.

"ಇದು ಬೆಳಗಿನ ಬಸ್ಸು," ಅಂದರು ಮಣೆ ತೋರಿಸಿ. "ಇವರೆಲ್ಲ ನನ್ನ ಸೊಸೆ ಕಡೆ ಜನ. ಬಾಗ್ಲಲ್ಲಿ ಸಿಕ್ಕಾಕ್ಕೊಂಡಿದ್ದಾರೆ. ಯಾಕೆ ಸಿಕ್ಕಾಕ್ಕೊಂಡ್ರು? ಒಳಗೆ ಜಾಗ ಇದ್ರೂ ಯಾರೂ ಮುಂದೆ ಹೋಗಲ್ಲ. ನಾನಾಗಿದ್ರೆ ಇಲ್ಲಿಡ್ತಿದ್ದೆ," ಅಂತ ಕಡ್ಡಿಯಿಂದ ಒಂದು ಜಾಗ ಮುಟ್ಟಿದರು.

ಅಲ್ಲಿಟ್ಟಿದ್ದರೆ ನಾನು ಬಾಲ, ತಲೆ ಎಲ್ಲ ಸಮೇತ ಸಾಯುತ್ತಿದ್ದೆ. ಗುವಾನ್ ಸಾಹೇಬರು ಮೆಲ್ಲಗೆ ಅದನ್ನೇ ಹೇಳಿದರು.

ಅತ್ತೆ ಮಣೆಯನ್ನು ಮತ್ತೊಮ್ಮೆ ನೋಡಿ, "ಅದಕ್ಕೇ ಅವಳು ಆಡ್ತಾಳೆ, ನಾನು ನೋಡ್ತೀನಿ," ಅಂದು ಮೈಕ್ ವಾಪಸ್ ಕೊಟ್ಟರು. ಚಪ್ಪಾಳೆ ನಿಲ್ಲಲೇ ಇಲ್ಲವಂತೆ. ಆಟದ ಕೋಣೆಗೆ ಗುಡುಗಿನ ಹಾಗೆ ಕೇಳಿಸಿತ್ತು. ಯಾರೋ ನನ್ನ ತಪ್ಪು ನಡೆಗೆ ನಗುತ್ತಿದ್ದಾರೆ ಅಂದುಕೊಂಡಿದ್ದೆ.

ಕೊನೆಗೆ ಎಣಿಕೆ. ತೀರ್ಪುಗಾರರು ಕಪ್ಪು ಕಾಯಿಗಳನ್ನು ಹತ್ತು ಹತ್ತರ ಗುಡ್ಡೆ ಮಾಡುತ್ತಾ ಹೋದರು. ಲಿಯಾನ್ ಉಸಿರೇ ಬಿಡುತ್ತಿರಲಿಲ್ಲ. ನಾನೂ ಅಷ್ಟೇ. "ಕಪ್ಪು, ನೂರಾ ಎಂಬತ್ತನಾಲ್ಕು." ಮೊದಲು ಆಡುವ ಕಪ್ಪು ಗೆಲ್ಲಲು ನೂರಾ ಎಂಬತ್ತನಾಲ್ಕೂ ಕಾಲನ್ನು ದಾಟಬೇಕು, ಎಂಬತ್ತೈದಾಗಿದ್ದರೆ ಅವಳದು. ಬಿಳಿಗೆ ಕಾಲು ಕಾಯಿಯ ಗೆಲುವು. ಈ ಆಟದಲ್ಲಿ ಅದಕ್ಕಿಂತ ಸಣ್ಣ ಗೆಲುವು ಇಲ್ಲ.

ಲಿಯಾನ್ ಜೊತೆ ಆಟವನ್ನು ಮತ್ತೆ ಜೋಡಿಸಿ ನೋಡಿದೆವು. ಬಾಲ ಕೊಟ್ಟ ಜಾಗ ಬಂದಾಗ ಅವಳು, "ಇದು ನಿಮ್ಮ ಆಟ ಅಲ್ಲ ಮೇಡಂ. ನೀವು ಯಾವತ್ತೂ ಬಿಡಲ್ಲ ಅಂತ ನಂಬಿಕೊಂಡಿದ್ದೆ" ಅಂದಳು. ಕಣ್ಣಲ್ಲಿ ನೀರಿತ್ತು, ಆದರೂ ನಕ್ಕಳು. ಎಂಥ ಒಳ್ಳೆಯ ಹುಡುಗಿ.

ಹೊರಗೆ ಬಂದರೆ ಫಾಂಗ್ ಮೇಷ್ಟ್ರು ಬೀಸಣಿಗೆಯಿಂದ ತಲೆ ಮೇಲೆ ತಟ್ಟಿದರು. ಅತ್ತೆ: "ಕಾಲು ಕಾಯಿ ಅಂದ್ರೇನೇ? ಕಾಯಿನ ಕತ್ತರಿಸಿದ್ದು ಯಾರು?"

ಅಂಗಡಿಯಲ್ಲಿ ಬಾತುಕೋಳಿ ತಿಂದೆವು, ಎಲ್ಲರೂ, ಕೆಂಪು ಕೋಟಿನಲ್ಲೇ. ಡೆಂಗ್ ಕುಡಿದು ನಾಲ್ಕು ಸಲ ನನ್ನ ಕೈ ಕುಲುಕಿದರು. ಮುಂದಿನ ವರ್ಷವೂ ಮೂರನೇ ಮಣೆ ನನ್ನದೇ ಅಂತ ಘೋಷಿಸಿದರು.

ಸೆಪ್ಟೆಂಬರ್ 20

ಫ್ಯಾಕ್ಟರಿಗೆ ಹೋಗಿ ಬಂದೆ. ಮೂರನೇ ಮಣೆ ಯಿಂಗ್‌ಗೇ ಕೊಡಿ ಅಂದೆ. ಲೀಗ್ ದಿನಗಳಲ್ಲಿ ನನಗೆ ಮೈಕ್ ಸಾಕು. ಉಳಿದ ದಿನ ಬಿಡಿ ಟೂರ್ನಿಗಳಿಗೆ ನನ್ನ ಪಾಡಿಗೆ ಹೋಗುತ್ತೇನೆ, ಅರ್ಹತಾ ಸುತ್ತಿನಿಂದ, ಎಲ್ಲರ ಹಾಗೆ.

ಡೆಂಗ್ ಕಣ್ಣು ಬಿಟ್ಟರು. "ಜೂನಲ್ಲಿ ನಾನೂ ಇದನ್ನೇ ಹೇಳಿದ್ದಲ್ವಾ?"

"ಹೂಂ."

"ಆಗ ಅಳ್ತಾ ಹೋದೆ."

"ಅದು ನಿಮ್ಮ ಮೆಣಸಿನಕಾಯಿ ಘಾಟು."

ಹೇಗೆ ವಿವರಿಸಲಿ? ಕಿತ್ತುಕೊಳ್ಳಲು ಬಂದಾಗ ಕೊಡಲು ಆಗುತ್ತಿರಲಿಲ್ಲ. ಈಗ ಕೈಯಲ್ಲಿ ಗಟ್ಟಿಯಾಗಿದೆ, ಕೊಡಬಹುದು. ಇನ್ನೊಂದು ಸಂಗತಿ, ಇಲ್ಲಿ ಮಾತ್ರ ಬರೆಯುವಂಥದ್ದು: ಬಾಲ ಕೊಟ್ಟ ಆ ಕ್ಷಣ, ಹೆದರಿಕೆಯ ನಡುವೆಯೇ, ಇದನ್ನು ಯಾರಿಗಾದರೂ ಹೇಳಬೇಕು ಅಂತ ತುಟಿ ತುರಿಸುತ್ತಿತ್ತು.

ಫಾಂಗ್ ಮೇಷ್ಟ್ರು ಸುದ್ದಿ ಕೇಳಿ, "ಮೊದಲೇ ಹೇಳಿದ್ರೆ ಕೋಟಿನ ಇಸ್ತ್ರಿ ಉಳೀತಿತ್ತು," ಅಂದರು.

ನವೆಂಬರ್ 16, ಭಾನುವಾರ ಮಧ್ಯಾಹ್ನ

ಬಾಲ್ಕನಿಯಲ್ಲಿ ಬಿಸಿಲು. ಎದುರಿಗೆ ಅತ್ತೆ, ನಡುವೆ ಮಣೆ. ಅವರಿಗೆ ಮೊದಲೇ ಒಂಬತ್ತು ಕಾಯಿ ಬಿಟ್ಟುಕೊಟ್ಟು ಆಡುತ್ತಿದ್ದೇನೆ. ಅದು ಅವಮಾನ ಅಂತ ಮೊದಲು ಗಲಾಟೆ ಮಾಡಿದರು. ಈಗ ಹತ್ತು ಬೇಕಂತೆ.

ಅವರ ಸರದಿ. ಯೋಚಿಸಲು ಕೂತರೆ ಏಳುವುದೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಾ ಕೂತಿದ್ದೇನೆ. ಮಾಜಾಂಗ್ ಗೆಳತಿಯರು ಎರಡು ಸಲ ಫೋನ್ ಮಾಡಿದರು, ಎತ್ತಲಿಲ್ಲ.

ಈಗಷ್ಟೇ ಫಾಂಗ್ ಮೇಷ್ಟ್ರ ಸಂದೇಶ. ಮಹಿಳೆಯರ ಓಪನ್ ಟೂರ್ನಿಯ ಡ್ರಾ ಬಂದಿದೆ. ಮೊದಲ ಸುತ್ತಿನಲ್ಲೇ ನನಗೆ ಪಾನ್ ಯಿಂಗ್. ಹಿಂದೆಯೇ ಯಿಂಗ್‌ಳದೂ ಬಂತು: "ಅಕ್ಕ, ಈ ಸಲ ನಾನು ಲಿಯಾನ್ ಆಗಿ ಅಲ್ಲ, ನಾನಾಗೇ ಬರ್ತೀನಿ."

ಜೋರಾಗಿ ನಕ್ಕೆ. ಅತ್ತೆ ಮಣೆಯಿಂದ ತಲೆಯೆತ್ತದೆ, "ಯಾರು?"

"ನನ್ನ ಜಾಗದಲ್ಲಿ ಆಡೋ ಹುಡುಗಿ. ಅವಳ ಜೊತೆ ಆಟ ಬಿದ್ದಿದೆ."

"ಪಾಪ, ಚಿಕ್ಕವಳು. ಬಿಟ್ಟುಕೊಡ್ತೀಯಾ?"

"ಕುರ್ಚಿ ಬಿಟ್ಟುಕೊಟ್ಟಾಯ್ತಲ್ಲ ಅತ್ತೆ. ಆಟ ಯಾಕೆ ಬಿಟ್ಟುಕೊಡ್ಲಿ?"

"ಹಾಗಾದ್ರೆ ನಾನೂ ಬರ್ತೀನಿ. ಎಲ್ಲಿ ಅದು?"

"ಹಾಂಗ್‌ಝೌ. ದೂರ."

"ದೂರ ಆದ್ರೇನು, ಬಸ್ಸಲ್ಲಿ ಮೂವತ್ತು ವರ್ಷ ನಿಂತವಳು ನಾನು. ಸುಮ್ಮನಿರು ಸ್ವಲ್ಪ, ಲೆಕ್ಕ ತಪ್ಪಿಸ್ತಿದ್ದೀಯ."

ಸುಮ್ಮನಿದ್ದೇನೆ. ಬೆರಳುಗಳ ನಡುವೆ ಕಾಯಿ ಹಿಡಿಯುವುದನ್ನು ಕನ್ನಡಿ ಮುಂದೆ ಅಭ್ಯಾಸ ಮಾಡಿರಬೇಕು, ಸರಿಯಾಗಿ ಹಿಡಿದಿದ್ದಾರೆ. ಕೈ ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು... ಇಟ್ಟರು. ಬಲಗಡೆ, ಕೆಳಗೆ. ಅಲ್ಲಿ ನನ್ನದು ಆರು ಕಾಯಿ, ಭದ್ರವಾಗಿವೆ, ಏನೂ ತೊಂದರೆ ಇಲ್ಲ, ಎರಡು ಕಣ್ಣು — ತಾಳು. ಒಂದು ಕಣ್ಣು. ಇನ್ನೊಂದರಲ್ಲಿ ಅತ್ತೆಯ ಕಾಯಿ ಕೂತಿದೆ.